ಬಿಲ್ಲೆಯ ಅರ್ಥ ಮತ್ತು ಉಪಯೋಗ

(ಆನೇಕಲ್ ತಾಲ್ಲೂಕಿನ ಹಳ್ಳಿಯೊಂದರ ಹಾಲು ಉತ್ಪಾದಕರ ಸಂಘದ ಕಟ್ಟಡದಲ್ಲಿ ರೈತರೂ, ಮಹಿಳಾ ಸಂಘದ ಸದಸ್ಯರೂ, ಕಾರ್ಖಾನೆ ಕೆಲಸಕ್ಕೆ ಹೋಗುವ ಯುವಕ ಯುವತಿಯರೂ ಸೇರಿದ್ದಾಗ ಗ್ರಾಮಸೇವಕರು ಮಾಡಿದ ಭಾಷಣ. ಅಂದು ಬರಲಾಗದಿದ್ದ ಓದುಗರಿಗಾಗಿ ಇಲ್ಲಿ ಕೊಟ್ಟಿದೆ.)



ಬಿತ್ತನೆ, ಗೊಬ್ಬರ, ದನದ ಕೊಟ್ಟಿಗೆ, ಇವುಗಳ ವಿಷಯ ಮಾತನಾಡುವುದು ನನ್ನ ಕೆಲಸ. ನಾನು ಕೃಷಿ ಡಿಪ್ಲೊಮಾ ಓದಿ ಬಂದವನು. ಈ ಸಾರಿ ಬಿಲ್ಲೆಯ ವಿಷಯ ಮಾತನಾಡುವೆನೆಂದಾಗ ಸಂಘದ ಕಾರ್ಯದರ್ಶಿಗಳು ನಕ್ಕು, "ಬಿಲ್ಲೆ ಬಿತ್ತಿದರೆ ರಾಗಿ ಬೆಳೆದೀತೇನಪ್ಪಾ?" ಎಂದು ಕೇಳಿದರು. ಬೆಳೆಯುವುದಿಲ್ಲ, ನಿಜ. ಆದರೆ ಬೆಳೆದ ರಾಗಿಯೂ ದುಡಿದ ಕೂಲಿಯೂ ಕೈಗೆ ಸಿಕ್ಕಬೇಕಾದರೆ ಬಿಲ್ಲೆಯನ್ನು ಓದಲು ಬರಬೇಕು. ಅದನ್ನು ಹೇಳುವುದಕ್ಕೇ ಇಂದು ನಿಂತಿದ್ದೇನೆ.

ಬೆಳಗಿನ ಆರು ಗಂಟೆಗೆ ಈ ಸಂಘದ ಮುಂದೆ ನಿಂತು ನೋಡಿರಿ. ಡೈರಿಗೆ ಹಾಲು ಹಾಕಲು ಬರುವ ಹುಡುಗನ ಕೊರಳಲ್ಲಿ ಒಂದು ನೀಲಿ ಪಟ್ಟಿ, ಅದರ ತುದಿಯಲ್ಲಿ ಅವನ ಭಾವಚಿತ್ರವಿರುವ ಕಾರ್ಡು. ಹಾಲು ಹಾಕಿ, ಕ್ಯಾನನ್ನು ತಾಯಿಯ ಕೈಗೆ ಕೊಟ್ಟು, ಅಲ್ಲಿಂದಲೇ ಕಂಪನಿಯ ಬಸ್ಸು ಹತ್ತುತ್ತಾನೆ. ಅವನ ಹಿಂದೆಯೇ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಬುತ್ತಿ ಹಿಡಿದು ಬರುತ್ತಾರೆ. ಅವರ ಕೊರಳಲ್ಲಿಯೂ ಒಂದೊಂದು ಕಾರ್ಡು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ, ಎಲೆಕ್ಟ್ರಾನಿಕ್ ಸಿಟಿ, ಎತ್ತ ಹೋದರೂ ಇದೇ ನೋಟ. ಇಂದು ನಮ್ಮ ಕಡೆ ನೇಗಿಲಿಲ್ಲದ ಮನೆಗಳು ಬೇಕಾದಷ್ಟಿವೆ. ಕೊರಳ ಪಟ್ಟಿ ಇಲ್ಲದ ಮನೆಗಳು ಕಡಮೆ.

ಹುಡುಗರು ಇದನ್ನು ಐಡಿ ಎನ್ನುತ್ತಾರೆ, ಟ್ಯಾಗ್ ಎನ್ನುತ್ತಾರೆ, ಬ್ಯಾಡ್ಜ್ ಎನ್ನುತ್ತಾರೆ. ನಮ್ಮ ಹಿರಿಯರು ಇಂಥದಕ್ಕೆ ಇಟ್ಟ ಹೆಸರು ಬಿಲ್ಲೆ. ವಸ್ತುವೇನೂ ಹೊಸದಲ್ಲ. ಕಚೇರಿಯ ಜವಾನರು ಹೆಗಲಿನಿಂದ ಸೊಂಟಕ್ಕೆ ಹಾಕುತ್ತಿದ್ದ ಡವಾಲಿಯನ್ನೂ ಅದರ ಮೇಲಿನ ಹಿತ್ತಾಳೆ ಬಿಲ್ಲೆಯನ್ನೂ ಹಿರಿಯರು ನೋಡಿದ್ದೀರಿ. ಡವಾಲಿಯವನು ಊರಿಗೆ ಬಂದನೆಂದರೆ ಬಂದದ್ದು ಆ ಮನುಷ್ಯನಲ್ಲ, ಸರ್ಕಾರವೇ ಬಂದಂತೆ. ರೈಲು ನಿಲ್ದಾಣದಲ್ಲಿ ಹೊರೆ ಹೊರುವವರ ತೋಳಿನ ಹಿತ್ತಾಳೆ ಬಿಲ್ಲೆ ನಿಮಗೆ ಗೊತ್ತು. ನಿಮ್ಮ ಪೆಟ್ಟಿಗೆಯನ್ನು ಯಾರ ತಲೆಯ ಮೇಲಿಟ್ಟಿರಿ ಎಂಬುದಕ್ಕೆ ಅದರ ಮೇಲಿನ ಅಂಕಿಯೇ ಸಾಕ್ಷಿ. ನಮ್ಮ ಸಾರಿಗೆ ಬಸ್ಸಿನ ಚಾಲಕ ನಿರ್ವಾಹಕರ ಹೆಸರಿನ ಜೊತೆಗೆ ಇಲಾಖೆಯ ಕಾಗದಗಳಲ್ಲಿ ಇಂದಿಗೂ 'ಬಿಲ್ಲೆ ಸಂಖ್ಯೆ' ಎಂದೇ ಬರೆಯುತ್ತಾರೆ. ಚಿಲ್ಲರೆ ಕೊಡದಿದ್ದರೆ ದೂರು ಬರೆಯಲು ಆ ಸಂಖ್ಯೆ ಸಾಕು. ಮರೆತ ಚೀಲವನ್ನು ಕರೆದು ಕೊಟ್ಟರೆ ಮೆಚ್ಚಿ ಬರೆಯಲೂ ಅದೇ ಸಂಖ್ಯೆ ಸಾಕು.

ಇವೆಲ್ಲ ಆಗ ಅಲ್ಲೊಬ್ಬರು ಇಲ್ಲೊಬ್ಬರು ಹಾಕುತ್ತಿದ್ದ ಬಿಲ್ಲೆಗಳು. ಊರಿಗೆ ಊರೇ ಬಿಲ್ಲೆ ಹಾಕುವ ಕಾಲ ಬಂದದ್ದು ಆಮೇಲೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಹಳ್ಳಿಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಅತ್ತ ಪೀಣ್ಯದಲ್ಲಿ ಸಣ್ಣ ಕಾರ್ಖಾನೆಗಳು ಸಾಲುಸಾಲಾಗಿ ಎದ್ದವು. 1990ರ ದಶಕದಲ್ಲಿ ವೈಟ್‌ಫೀಲ್ಡಿನ ಬಳಿ ಐಟಿಪಿಎಲ್ ಬಂದಿತು. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೊ ರೈಲೂ ಬಂದಿತು. ಅದರಲ್ಲಿ ಬೆಳಗಿನ ಹೊತ್ತು ಕುಳಿತು ನೋಡಿದರೆ ಮುಖಗಳಿಗಿಂತ ಮೊದಲು ಪಟ್ಟಿಗಳೇ ಕಾಣುತ್ತವೆ.

ಇಷ್ಟು ಜನ ಹಾಕಿಕೊಳ್ಳುವ ವಸ್ತುವಿನ ಅರ್ಥವನ್ನು ಎಷ್ಟು ಜನ ಬಲ್ಲರು? ನನ್ನ ತಿಳುವಳಿಕೆಯಲ್ಲಿ ಬಿಲ್ಲೆಗಳು ಮೂರು ಬಗೆ.

ಮೊದಲನೆಯದು ಗುರುತಿನ ಬಿಲ್ಲೆ. ಈತ ಇಂಥವನು, ಇಂಥ ಕಡೆಯವನು ಎಂದು ತಿಳಿಸುವಂಥದು. ಕಾರ್ಖಾನೆಯ ಕಾರ್ಡು ಈ ಬಗೆಯದು.

ಎರಡನೆಯದು ಅಧಿಕಾರದ ಬಿಲ್ಲೆ. ಈತ ಈ ಕೆಲಸ ಮಾಡಲು ಅನುಮತಿ ಪಡೆದವನು ಎಂದು ತಿಳಿಸುವಂಥದು. ನಿರ್ವಾಹಕನಾಗಲು ಅರ್ಜಿ ಹಾಕಿದ ಹುಡುಗರಿಗೆ ಇದರ ಬೆಲೆ ಗೊತ್ತು. ವಿದ್ಯೆ ಇದ್ದರೆ ಸಾಲದು, ಪರವಾನಗಿಯೂ ಬ್ಯಾಡ್ಜೂ ಬೇಕೆಂದು ಜಾಹೀರಾತಿನಲ್ಲಿಯೇ ಬರೆದಿರುತ್ತಿತ್ತು. ನಮ್ಮ ಹಳ್ಳಿಗಳಿಂದ ಸೊಪ್ಪು, ಹೂವು ತೆಗೆದುಕೊಂಡು ಹೋಗಿ ನಗರದ ಬೀದಿಬದಿಯಲ್ಲಿ ಮಾರುವ ತಾಯಂದಿರಿಗೂ ಇಂಥದೊಂದು ಉಂಟು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಅವರಿಗೆ ವ್ಯಾಪಾರದ ಪ್ರಮಾಣಪತ್ರವನ್ನೂ ಗುರುತಿನ ಚೀಟಿಯನ್ನೂ ಕೊಡಬೇಕೆನ್ನುತ್ತದೆ. ಅದು ಕೈಯಲ್ಲಿದ್ದರೆ ಬುಟ್ಟಿ ಎತ್ತಿಸಲು ಬಂದವರೊಡನೆ ನಿಂತು ಮಾತನಾಡಬಹುದು.

ಮೂರನೆಯದು ಅಭಿಮಾನದ ಬಿಲ್ಲೆ. ನವೆಂಬರ್ 1ರಂದು ಎದೆಯ ಮೇಲೆ ಚುಚ್ಚಿಕೊಳ್ಳುವ ಕೆಂಪು ಹಳದಿಯ ಬಿಲ್ಲೆ, ಸ್ಕೌಟ್ ಮಕ್ಕಳು ಗಳಿಸುವ ಬಿಲ್ಲೆಗಳು ಈ ಬಗೆಯವು. ಓದುವಾಗ ನಾನು ಧರಿಸಿದ್ದ ರಾಷ್ಟ್ರೀಯ ಸೇವಾ ಯೋಜನೆಯ ಬಿಲ್ಲೆಯಲ್ಲಿ ಕೊನಾರ್ಕದ ರಥಚಕ್ರವಿದೆ. ಚಕ್ರದ ಎಂಟು ಅರಗಳು ಹಗಲಿರುಳಿನ ಎಂಟು ಜಾವಗಳು. ಇಪ್ಪತ್ನಾಲ್ಕು ಗಂಟೆಯೂ ಸೇವೆಗೆ ಸಿದ್ಧ ಎಂದು ಅದರ ಅರ್ಥ. ಧರಿಸಿದವನಿಗೆ ಅರ್ಥ ಗೊತ್ತಿಲ್ಲದಿದ್ದರೆ ಅದು ಬರಿಯ ತಗಡು.

ಮೂರಕ್ಕೂ ಸಮಾನವಾದ ಒಂದು ಮಾತಿದೆ. ಬಿಲ್ಲೆ ಎಂದರೆ ಸಾಕ್ಷಿ. ಸಾಕ್ಷಿ ಎಂದ ಮೇಲೆ ನಾಲ್ಕು ಪ್ರಶ್ನೆ ಕೇಳಬೇಕು. ಕೊಟ್ಟವರು ಯಾರು? ಯಾವುದಕ್ಕಾಗಿ ಕೊಟ್ಟರು? ಎಂದಿನವರೆಗೆ? ನಾಳೆ ಏನಾದರೂ ಆದರೆ ಹೊಣೆ ಯಾರು?

ರೈತರಿಗೆ ಇದು ಕಷ್ಟದ ಮಾತಲ್ಲ. ರಾಗಿ ಬೀಜದ ಚೀಲಕ್ಕೆ ಹೊಲಿದಿರುವ ಚೀಟಿಯನ್ನು ನೆನೆಯಿರಿ. ಬಿಳಿಯ ಚೀಟಿ ಇದ್ದರೆ ಮೂಲ ಬೀಜ, ನೀಲಿ ಚೀಟಿ ಇದ್ದರೆ ಪ್ರಮಾಣಿತ ಬೀಜ. ಪ್ರಮಾಣಿತ ರಾಗಿ ಬೀಜವಾದರೆ ನೂರಕ್ಕೆ ಎಪ್ಪತ್ತೈದಾದರೂ ಮೊಳೆಯಬೇಕು. ಪರೀಕ್ಷೆಯಾದ ದಿನವೂ, ಎಂದಿನವರೆಗೆ ಸಲ್ಲುತ್ತದೆಂಬ ದಿನವೂ ಅದರಲ್ಲಿರಬೇಕು. ಮೊಳೆಯದಿದ್ದರೆ ಚೀಟಿಯನ್ನೂ ರಸೀದಿಯನ್ನೂ ಹಿಡಿದು ಕೇಳಬಹುದು. ಚೀಟಿ ಕಿತ್ತೆಸೆದವನು ಏನು ಹಿಡಿದು ಕೇಳಿಯಾನು?

ನಮ್ಮ ಹಸುಗಳ ಕಿವಿಯಲ್ಲಿರುವ ಹಳದಿ ಓಲೆಯೂ ಹಾಗೆಯೇ. ಅದರ ಮೇಲೆ ಹನ್ನೆರಡು ಅಂಕಿಗಳಿವೆ. ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ್ದು ಆ ಅಂಕಿಯ ಮುಂದೆ ದಾಖಲಾಗುತ್ತದೆ. ವಿಮೆ ಇಳಿಸಿದ ಹಸು ಸತ್ತರೆ ಪರಿಹಾರ ಕೇಳುವಾಗ ಓಲೆಯನ್ನು ತೋರಿಸಬೇಕು. ಓಲೆ ಇಲ್ಲದಿದ್ದರೆ ಹಣವಿಲ್ಲ. ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಓಲೆ ಬಿದ್ದುಹೋದರೆ ಅದೇ ದಿನ ಪಶುವೈದ್ಯರಿಗೆ ಹೇಳಿಕಳುಹಿಸುತ್ತೀರಿ.

ಹಸುವಿನ ಓಲೆಯ ವಿಷಯದಲ್ಲಿರುವ ಈ ಎಚ್ಚರ ಮಗನ ಕೊರಳ ಕಾರ್ಡಿನ ವಿಷಯದಲ್ಲಿ ಇದೆಯೇ? ನಮ್ಮ ಮನೆಯಲ್ಲಿ ಇರಲಿಲ್ಲ. ಅದನ್ನೇ ಹೇಳಬೇಕೆಂದು ಬಂದೆ.

ನನ್ನ ಅಕ್ಕನ ಗಂಡ ಪೀಣ್ಯದ ಕಡೆ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರನ ಮೂಲಕ ಕೆಲಸಕ್ಕಿದ್ದರು. ತಗಡು ಒತ್ತುವ ಯಂತ್ರದ ಕೆಲಸ. ಮೂರು ವರ್ಷ ಒಂದೇ ಗೇಟು, ಒಂದೇ ಯಂತ್ರ. ಗುತ್ತಿಗೆದಾರರು ಮಾತ್ರ ಎರಡು ಸಾರಿ ಬದಲಾದರು. ಬದಲಾದಾಗಲೆಲ್ಲ ಹೊಸ ಕಾರ್ಡು ಬರುತ್ತಿತ್ತು. ಕಾರ್ಡಿನ ಮುಂಭಾಗದಲ್ಲಿ ಕಾರ್ಖಾನೆಯ ಹೆಸರು ದೊಡ್ಡ ಅಕ್ಷರದಲ್ಲಿ. ಭಾವನವರಿಗೆ ಅಷ್ಟೇ ಸಾಕಾಗಿತ್ತು. ಹಬ್ಬಕ್ಕೆ ಊರಿಗೆ ಬಂದಾಗಲೂ ಅದನ್ನು ಕೊರಳಿನಿಂದ ತೆಗೆಯುತ್ತಿರಲಿಲ್ಲ. "ನೋಡಪ್ಪ ಭಾಮೈದ, ನಿನಗೆ ಇಂಥದು ಕೊಟ್ಟಿದ್ದಾರೆಯೇ?" ಎಂದು ನನ್ನನ್ನು ರೇಗಿಸುತ್ತಿದ್ದರು.

ಒಂದು ರಾತ್ರಿ ಪಾಳಿಯಲ್ಲಿ ಅವರ ಬಲಗೈಯ ಎರಡು ಬೆರಳು ಯಂತ್ರಕ್ಕೆ ಸಿಕ್ಕಿದವು. ಆಸ್ಪತ್ರೆಯವರು ಮೊದಲು ಗಾಯ ಕಟ್ಟಿ, ಆಮೇಲೆ ಇಎಸ್‌ಐ ಸಂಖ್ಯೆ ಕೇಳಿದರು. ಕಾರ್ಡನ್ನು ತಿರುಗಿಸಿ ನೋಡಿದೆವು. ಹಿಂಭಾಗದಲ್ಲಿ 'ಕಳೆದುಹೋದುದು ಸಿಕ್ಕಿದರೆ ಹಿಂದಿರುಗಿಸಿ' ಎಂಬ ಒಂದು ಸಾಲಿತ್ತು. ಸಂಖ್ಯೆ ಇರಲಿಲ್ಲ. ವಿಚಾರಿಸಿದಾಗ ಮೂರನೆಯ ಗುತ್ತಿಗೆದಾರ ಅವರ ಹೆಸರನ್ನು ವಿಮೆಗೆ ಸೇರಿಸಿಯೇ ಇರಲಿಲ್ಲವೆಂದು ತಿಳಿಯಿತು. ಕಾರ್ಖಾನೆಯವರು, "ಈತ ನಮ್ಮವನಲ್ಲ, ಗುತ್ತಿಗೆದಾರನ ಕಡೆಯವನು" ಎಂದರು. ಗುತ್ತಿಗೆದಾರ, "ಈತ ಹೋದ ವಾರ ಸೇರಿದವನು, ಹೆಸರು ಸೇರಿಸುವುದರಲ್ಲಿದ್ದೆ" ಎಂದನು. ಮೂರು ವರ್ಷ ಕೊರಳಲ್ಲಿ ಹಾಕಿಕೊಂಡ ಹೆಸರು ಒಂದು ರಾತ್ರಿಯಲ್ಲಿ ಯಾರದೂ ಅಲ್ಲದೆ ಹೋಯಿತು.

ಆಗ ಕಾಪಾಡಿದ್ದು ಏನು ಗೊತ್ತೇ? ಹಳೆಯ ಬಿಲ್ಲೆಗಳು. ಹಿಂದಿನ ಎರಡು ಕಾರ್ಡುಗಳನ್ನು ಯಾರೂ ಹಿಂದಕ್ಕೆ ಕೇಳಿರಲಿಲ್ಲ. ಒಂದನ್ನು ಅಕ್ಕ ದೇವರ ಗೂಡಿನ ಪಕ್ಕದ ಮೊಳೆಗೆ ತೂಗುಹಾಕಿದ್ದಳು. ಇನ್ನೊಂದು ಮಗುವಿನ ಆಟದ ಸಾಮಾನಿನಲ್ಲಿತ್ತು. ಅವನು ಅದನ್ನು ಕರುವಿನ ಕೊರಳಿಗೆ ಕಟ್ಟಿ 'ಕಂಪನಿ' ಆಟ ಆಡುತ್ತಿದ್ದನು. ಅಂಚು ಕಚ್ಚಿಹೋಗಿತ್ತು. ಆದರೆ ಗುತ್ತಿಗೆದಾರನ ಹೆಸರೂ, ಕಾರ್ಖಾನೆಯ ಹೆಸರೂ, ತಾರೀಖೂ ಓದುವಂತಿದ್ದವು. ಆ ಎರಡು ಕಾರ್ಡು, ಕೊರಳಲ್ಲಿದ್ದ ಮೂರನೆಯದು, ಬ್ಯಾಂಕಿನ ಪುಸ್ತಕ, ಇವನ್ನು ಇಟ್ಟುಕೊಂಡು ಅಕ್ಕ ಕಚೇರಿಯಿಂದ ಕಚೇರಿಗೆ ನಡೆದಳು. ಹನ್ನೊಂದು ತಿಂಗಳಾದ ಮೇಲೆ ಭಾವನವರು ಅಲ್ಲಿಯ ಕೆಲಸಗಾರರೇ ಹೌದೆಂದು ಒಪ್ಪಿ ಪರಿಹಾರ ಕೊಟ್ಟರು. ಹನ್ನೊಂದು ತಿಂಗಳು ಮನೆ ನಡೆದದ್ದು ಎರಡು ಹಸುಗಳ ಹಾಲಿನಿಂದ.

ನನ್ನ ಪಾಲಿನ ತಪ್ಪನ್ನೂ ಹೇಳಬೇಕು. ಬೀಜದ ಚೀಟಿಯನ್ನು ತಿರುಗಿಸಿ ಓದಿರಿ ಎಂದು ಊರೂರಿಗೆ ಹೇಳುವವನು ನಾನು. ಭಾವನ ಕಾರ್ಡನ್ನು ಮೂರು ವರ್ಷದಲ್ಲಿ ಒಂದು ದಿನವೂ ತಿರುಗಿಸಿ ನೋಡಲಿಲ್ಲ. ಅವರು ಹೆಮ್ಮೆಯಿಂದ ತೋರಿಸಿದಾಗ ನಾನೂ ಮುಂಭಾಗವನ್ನೇ ನೋಡಿ ನಕ್ಕೆ. ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂಬ ಗಾದೆ ನನಗೆ ನೆನಪಾದದ್ದು ಆಸ್ಪತ್ರೆಯ ಬೆಂಚಿನ ಮೇಲೆ.

ಆದುದರಿಂದ, ಬಂಧುಗಳೇ, ಇಂದು ಮನೆಗೆ ಹೋದ ಮೇಲೆ ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ಹೇಳುವೆನು.

ಒಂದು: ಕಾರ್ಡನ್ನು ಎರಡೂ ಕಡೆ ಓದಿರಿ. ಅದರಲ್ಲಿ ನಿಮ್ಮ ಹೆಸರು, ಕಾರ್ಖಾನೆಯ ಹೆಸರು, ಗುತ್ತಿಗೆದಾರನಿದ್ದರೆ ಅವನ ಹೆಸರು, ಸೇರಿದ ದಿನ ಇವೆಯೇ? ಇಲ್ಲದಿದ್ದರೆ ಬರೆದುಕೊಡಿ ಎಂದು ಕೇಳಿರಿ. ಕೇಳುವುದು ಜಗಳವಲ್ಲ.

ಎರಡು: ಎರಡು ಸಂಖ್ಯೆಗಳನ್ನು ತಿಳಿದುಕೊಳ್ಳಿರಿ. ಹತ್ತು ಅಂಕಿಯದು ಇಎಸ್‌ಐ ವಿಮಾ ಸಂಖ್ಯೆ. ಹನ್ನೆರಡು ಅಂಕಿಯದು ಭವಿಷ್ಯನಿಧಿಯ ಯುಎಎನ್. ತಿಂಗಳ ಸಂಬಳ 21,000 ರೂಪಾಯಿ ಮೀರದವರಿಗೆ ಇಎಸ್‌ಐ ಸಲ್ಲುತ್ತದೆ. 2019ರ ಜುಲೈನಿಂದ ಇರುವ ದರದಂತೆ ನೂರು ರೂಪಾಯಿ ಸಂಬಳಕ್ಕೆ ಕೆಲಸಗಾರನ ಪಾಲು 75 ಪೈಸೆ, ಮಾಲೀಕನ ಪಾಲು 3 ರೂಪಾಯಿ 25 ಪೈಸೆ. ಸಂಬಳದ ಚೀಟಿಯಲ್ಲಿ ಹಣ ಹಿಡಿದಿದ್ದಾರೆಯೇ, ಹಿಡಿದ ಹಣ ನಿಮ್ಮ ಸಂಖ್ಯೆಗೆ ಸೇರಿದೆಯೇ ಎಂದು ತಿಂಗಳಿಗೊಮ್ಮೆ ಮೊಬೈಲಿನಲ್ಲಿ ನೋಡಿರಿ. ನಿಮಗೆ ಬಾರದಿದ್ದರೆ ಓದುವ ಮಗಳಿಗೆ ಹೇಳಿರಿ.

ಮೂರು: ಕಾರ್ಡು ಒಂದೇ ಸಾಕೆಂದು ಕೂರಬೇಡಿರಿ. ಕಾರ್ಡು ಗೇಟಿನ ಕಾವಲುಗಾರನಿಗೆ ಸಾಕ್ಷಿ, ನೇಮಕ ಪತ್ರ ಕಾನೂನಿಗೆ ಸಾಕ್ಷಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ನೌಕರರಿಗೆ ಲಿಖಿತ ನೇಮಕ ಪತ್ರ ಕೊಡಬೇಕು. ಗುತ್ತಿಗೆದಾರನ ಕಡೆಯವನೆಂಬ ಮಾತ್ರಕ್ಕೆ ವಿಮೆಯ ವಂತಿಗೆಯಲ್ಲಿ ಮುಖ್ಯ ಮಾಲೀಕನ ಹೊಣೆ ತಪ್ಪಿಹೋಗುವುದಿಲ್ಲ. ಇದನ್ನು ಮರೆಯಬೇಡಿರಿ.

ನಾಲ್ಕು: ಕೆಲಸ ಬಿಡುವಾಗ ಕಾರ್ಡನ್ನು ಹಿಂದಕ್ಕೆ ಕೇಳಿದರೆ ಕೊಡಲೇಬೇಕು, ಅದು ಅವರ ವಸ್ತು. ಆದರೆ ಕೊಡುವ ಮೊದಲು ಎರಡೂ ಕಡೆಯ ಒಂದು ಜೆರಾಕ್ಸ್ ತೆಗೆಸಿ, ಪಹಣಿಯ ಜೊತೆಯಲ್ಲಿ ಇಡಿರಿ. ಪಹಣಿ ನೆಲದ ಸಾಕ್ಷಿ, ಇದು ನಿಮ್ಮ ದುಡಿಮೆಯ ಸಾಕ್ಷಿ.

ಐದು: ಕಾರ್ಡನ್ನು ಗೆಳೆಯನಿಗೆ ಕೊಟ್ಟು ಒಳಗೆ ಕಳುಹಿಸಬೇಡಿರಿ. ಅವನಿಗೆ ಒಳಗೆ ಪೆಟ್ಟಾದರೆ ಗಾಯ ಅವನದು, ಹೆಸರು ನಿಮ್ಮದು. ಇಬ್ಬರಿಗೂ ಪರಿಹಾರವಿಲ್ಲ. ಹೊಸ ಕೆಲಸ ಸಿಕ್ಕಿತೆಂಬ ಸಂತೋಷದಲ್ಲಿ ಕಾರ್ಡಿನ ಚಿತ್ರ ತೆಗೆದು ಮೊಬೈಲಿನಲ್ಲಿ ಊರಿಗೆಲ್ಲ ಹಂಚಬೇಡಿರಿ. ಅದನ್ನು ನೋಡಿ ನಕಲಿ ಮಾಡುವವರು ಇದ್ದಾರೆ.

ಆರು: ಇಲ್ಲದ ಬಿಲ್ಲೆಯನ್ನು ಕೊಳ್ಳಬೇಡಿರಿ. ಕಟ್ಟಡ ಕಾರ್ಮಿಕರ ಕಾರ್ಡು ಅಂಥದೊಂದು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ 18ರಿಂದ 60 ವರ್ಷದೊಳಗಿನವರಿಗೆ ಅದು ಸಲ್ಲುತ್ತದೆ. ಗಾರೆ ಮುಟ್ಟದವರು ದಲ್ಲಾಳಿಗೆ ಹಣ ಕೊಟ್ಟು ಅದನ್ನು ಮಾಡಿಸಿಕೊಂಡರೆ, ಬಿಸಿಲಿನಲ್ಲಿ ಇಟ್ಟಿಗೆ ಹೊರುವ ತಾಯಿಯ ಮಗುವಿನ ವಿದ್ಯಾರ್ಥಿವೇತನವನ್ನು ಕಿತ್ತುಕೊಂಡಂತೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಇದು ಕಾನೂನಿನ ಮಾತಲ್ಲ, ಮನೆಯ ಮಾತು.

ಕಂಪನಿಗಳಲ್ಲಿ ಕಾಯಂ ನೌಕರರಿಗೆ ಒಂದು ಬಣ್ಣದ ಪಟ್ಟಿ, ಗುತ್ತಿಗೆಯವರಿಗೆ ಇನ್ನೊಂದು, ಬಂದುಹೋಗುವವರಿಗೆ ಮತ್ತೊಂದು ಇರುವುದುಂಟು. ಯಾವ ಬಾಗಿಲಿಗೆ ಯಾರು ಎಂದು ಕಾವಲಿನವರಿಗೆ ತಿಳಿಯಲೆಂದು ಮಾಡಿದ ಏರ್ಪಾಡು ಅದು. ಆ ಬಣ್ಣ ಗೇಟಿನಲ್ಲಿಯೇ ನಿಲ್ಲಬೇಕು. ಆದರೆ ಅದು ನಮ್ಮ ಜಗುಲಿಯವರೆಗೂ ಬಂದಿದೆ. ಹೆಣ್ಣು ನೋಡಲು ಬಂದವರು ಹುಡುಗನ ಪಟ್ಟಿಯ ಬಣ್ಣ ಕೇಳುತ್ತಾರೆ. ಒಂದೇ ಮನೆಯ ಅಣ್ಣ ತಮ್ಮಂದಿರಲ್ಲಿ ನೀಲಿ ಪಟ್ಟಿಯವನಿಗೆ ಮೊದಲು ಎಲೆ ಹಾಕಿ, ಕೆಂಪು ಪಟ್ಟಿಯವನಿಗೆ ಆಮೇಲೆ ಹಾಕಿದ್ದನ್ನು ನಾನು ಕಂಡಿದ್ದೇನೆ. ಹೊಲದಿಂದ ಬಂದ ಮೂರನೆಯವನು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದನು. ಅವನನ್ನು ಯಾರೂ ಕರೆಯಲಿಲ್ಲ. ಅಂದು ಬಡಿಸಿದ ಮುದ್ದೆ ಅವನು ಬೆಳೆದ ರಾಗಿಯದು.

ಬಿಲ್ಲೆಯು ಮನುಷ್ಯನು ಮಾಡುವ ಕೆಲಸವನ್ನು ಹೇಳುತ್ತದೆ, ಮನುಷ್ಯನ ಬೆಲೆಯನ್ನು ಹೇಳುವುದಿಲ್ಲ. ಹೊಲದಲ್ಲಿ ದುಡಿಯುವ ಆ ಮೂರನೆಯವನಿಗೂ ಒಂದು ಗುರುತುಂಟು. ನಮ್ಮ ರಾಜ್ಯದ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿಕೊಂಡ ರೈತನಿಗೆ ಎಫ್‌ಐಡಿ ಎಂಬ ಸಂಖ್ಯೆ ಕೊಡುತ್ತಾರೆ. ಇಲಾಖೆಯ ಸಹಾಯಧನ, ಬೆಂಬಲ ಬೆಲೆಯ ರಾಗಿ ಖರೀದಿ, ಎಲ್ಲದರಲ್ಲಿಯೂ ಅದನ್ನು ಕೇಳುತ್ತಾರೆ. ಅದನ್ನು ಕೊರಳಿಗೆ ಹಾಕಲು ಪಟ್ಟಿ ಇಲ್ಲ, ಅಷ್ಟೆ. ಇನ್ನೂ ನೋಂದಾಯಿಸದವರು ಆಧಾರ್, ಪಹಣಿ, ಬ್ಯಾಂಕ್ ಪುಸ್ತಕ ತೆಗೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿರಿ. ಜೊತೆಯಲ್ಲಿ ಕುಳಿತು ಮಾಡಿಕೊಡುತ್ತೇನೆ.

ಭಾವನವರು ಈಗ ಊರಿನಲ್ಲಿಯೇ ಇದ್ದಾರೆ. ಎಡಗೈಯಿಂದ ಹಾಲು ಕರೆಯುವುದನ್ನು ಕಲಿತಿದ್ದಾರೆ. ಮೂರು ಕಾರ್ಡುಗಳೂ ದೇವರ ಗೂಡಿನ ಪಕ್ಕದ ಅದೇ ಮೊಳೆಯಲ್ಲಿವೆ. ಊರಿನಲ್ಲಿ ಯಾವ ಹುಡುಗ ಹೊಸದಾಗಿ ಕೆಲಸಕ್ಕೆ ಸೇರಿ ಕಾರ್ಡು ತೋರಿಸಲು ಬಂದರೂ ಅವರು, "ಸಂತೋಷವಪ್ಪಾ, ಎಲ್ಲಿ ಕೊಡು" ಎಂದು ಕೈಗೆ ತೆಗೆದುಕೊಂಡು ಮೊದಲು ಹಿಂಭಾಗವನ್ನು ನೋಡುತ್ತಾರೆ. ಹುಡುಗರು ನಗುತ್ತಾರೆ. ನಗಲಿ. ಮಾರನೆಯ ದಿನ ತಾವೂ ತಿರುಗಿಸಿ ನೋಡುತ್ತಾರೆ.

ನೀವೂ ಈ ರಾತ್ರಿ ಒಂದು ಕೆಲಸ ಮಾಡಿರಿ. ಊಟಕ್ಕೆ ಮುಂಚೆ ಮನೆಯಲ್ಲಿರುವ ಎಲ್ಲ ಬಿಲ್ಲೆಗಳನ್ನೂ ಒಂದು ಮೊರದಲ್ಲಿ ಹಾಕಿರಿ. ಮಗನ ಕಾರ್ಡು, ಸೊಸೆಯ ಕಾರ್ಡು, ಅಪ್ಪನ ಎಫ್‌ಐಡಿ ಬರೆದ ಚೀಟಿ, ಹಸುವಿನ ಓಲೆಯ ಸಂಖ್ಯೆ ಬರೆದ ಪುಸ್ತಕ, ಎಲ್ಲವೂ ಇರಲಿ. ಒಂದೊಂದನ್ನೇ ತೆಗೆದು ಆ ನಾಲ್ಕು ಪ್ರಶ್ನೆ ಕೇಳಿರಿ. ಉತ್ತರ ಸಿಕ್ಕದ ಬಿಲ್ಲೆ ಯಾವುದಿದೆಯೋ ಅದನ್ನು ನಾಳೆಯೇ ವಿಚಾರಿಸಿರಿ. ಆಮೇಲೆ ಎಲ್ಲರಿಗೂ ಒಟ್ಟಿಗೆ ಎಲೆ ಹಾಕಿ ಊಟ ಮಾಡಿರಿ.